ದೇಸಾಯಿ ಸಾಹೇಬರ ಸೆಂಟಿಮೀಟರು

ನಿನ್ನೆ ಲಕೋಟೆ ಅಂಟಿಸಲೆಂದು ಗೋಂದಿನ ಬಾಟಲಿ ತೆರೆದೆ ನೋಡಿ, ಆ ಹುಳಿ ವಾಸನೆಗೆ ದೇಸಾಯಿ ಸಾಹೇಬರು ನೆನಪಾದರು. ಗದಗಿನಲ್ಲಿ ನಮ್ಮ ಗಾಳಿ ವಿದ್ಯುತ್ ಕಂಪನಿಯ ಪ್ರಚಾರ ವಿಭಾಗಕ್ಕೆ ಅವರೇ ಮುಖ್ಯಸ್ಥರು, ನಾನೇ ಸಿಬ್ಬಂದಿ. ಪತ್ರಿಕೆಯಲ್ಲಿ ನಮ್ಮ ಸುದ್ದಿ ಬಂದರೆ ಅದನ್ನು ಕತ್ತರಿಸಿ, ಹಾಳೆಗೆ ಅಂಟಿಸಿ, ಬೆಟಗೇರಿಯ ದರ್ಜಿಯಿಂದ ತಂದ ಟೇಪು ಹಿಡಿದು ಅಳೆಯುವರು. ಎಷ್ಟು ಸೆಂಟಿಮೀಟರೋ ಅಷ್ಟು ಫಲ ಎಂಬುದು ಅವರ ಶ್ರದ್ಧೆ. ಫೋಟೋ ಇದ್ದರೆ ಉದ್ದ ಇಮ್ಮಡಿ. ಫೋಟೋದಲ್ಲಿ ಸಾಹೇಬರೇ ಇದ್ದರೆ ಎಷ್ಟು ಪಟ್ಟು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ನಾನೂ ಕಡಿಮೆಯವನಲ್ಲ ಬಿಡಿ. ‘ಉದ್ಘಾಟಿಸಿದರು’ ಎಂದರೆ ಸಾಲು ತುಂಬದು ಎಂದು ‘ದೀಪ ಬೆಳಗಿಸುವ ಮೂಲಕ ವಿಧ್ಯುಕ್ತವಾಗಿ ಉದ್ಘಾಟಿಸಿದರು’ ಎಂದು ಬರೆಯುತ್ತಿದ್ದೆ.

ಒಂದು ವರ್ಷ ಮಳೆ ತಡವಾಯಿತು. ಮುಂಡರಗಿ ಹತ್ತಿರದ ಹಿರೇವಡ್ಡಟ್ಟಿ ಕಡೆ ಮಾತು ಹಬ್ಬಿತು: ಕಂಪನಿಯ ಫ್ಯಾನು ತಿರುಗಿದರೆ ಮೋಡ ಓಡುತ್ತವೆ. ಹೊಸ ಕಂಬ ಹೊತ್ತು ಬಂದ ಲಾರಿಗಳನ್ನು ಜನ ರಸ್ತೆಯಲ್ಲೇ ತಡೆದರು. ನಾವು ಗಾಳಿಯಂತ್ರಕ್ಕೂ ಮಳೆಗೂ ಸಂಬಂಧವಿಲ್ಲವೆಂದು ಅರ್ಧ ಪುಟದ ಲೇಖನ ಹಾಕಿಸಿದೆವು, ಮಧ್ಯೆ ಸಾಹೇಬರ ನಗುಮುಖ. ಅವತ್ತು ಟೇಪು ಸಾಲಲಿಲ್ಲ. ಆದರೆ ಲಾರಿಗಳು ಅಲ್ಲೇ ಇದ್ದವು.

ಪುಣೆಯ ಹೆಡ್ ಆಫೀಸಿನಿಂದ ಫೋನು ಬಂತು. “ಉದ್ದ ಎಷ್ಟು ಅಂತ ಬೇಡ ದೇಸಾಯಿ, ಒಬ್ಬರದಾದರೂ ಮನಸ್ಸು ಬದಲಾಯಿತಾ? ಇಲ್ಲವಾದರೆ ಆ ಆಫೀಸು ಯಾಕೆ?” ಸಾಹೇಬರು ಟೇಪನ್ನು ಸುತ್ತಿ ಡ್ರಾವರಿನಲ್ಲಿಟ್ಟರು. “ನಡೀಪಾ, ಕೇಳೇ ಬರೂಣು” ಎಂದರು.

ಹಿರೇವಡ್ಡಟ್ಟಿಯಲ್ಲಿ ಲಾರಿಗಳ ಮುಂದೆ ಕುಳಿತಿದ್ದವರಲ್ಲಿ ನಿಂಗವ್ವ ಎಂಬ ರೈತ ಹೆಣ್ಣುಮಗಳು ಎಲ್ಲರಿಗಿಂತ ಮುಂದಿದ್ದಳು.

“ಪೇಪರ್‌ನ್ಯಾಗ ನಮ್ಮ ಸುದ್ದಿ ನೋಡಿದ್ರೇನ್ರಿ?” ಸಾಹೇಬರು ಆಸೆಯಿಂದ ಕೇಳಿದರು.

“ನೋಡೀವಲ್ರಿ! ಅದ್ರಾಗ ಮಿರ್ಚಿ ಭಜಿ ಕಟ್ಟಿ ಕೊಟ್ಟಿದ್ರು. ನಿಮ್ಮ ಫೋಟೋ ಛಲೋ ಬಂದಿತ್ತು, ಮೂಗಿಗಷ್ಟ ಎಣ್ಣಿ ಹತ್ತಿತ್ತು.”

ನಗು ತಡೆಯಲಾರದೆ ನಾನು ಆಕಾಶ ನೋಡಿದೆ. ಸಾಹೇಬರು ಕೆಮ್ಮಿದರು. “ಅದ್ರಾಗ ಬರದದ್ದು ಖರೆ ಅನ್ನಸಲಿಲ್ಲೇನು?”

“ಖರೆನೋ ಸುಳ್ಳೋ, ನೀವು ಅಲ್ಲ ಅಂತ ಬರದು ಗದಗಿನ್ಯಾಗ ಕುಂಡ್ರತೀರಿ. ಬಿತ್ತಿದ ಹೊಲ ಒಣಗಾಕತ್ತೈತಿ, ನಾವು ಯಾರನ್ನ ಕೇಳೂಣು?”

ಸಾಹೇಬರು ಏನಾದರೂ ಗಡಸಾಗಿ ಅಂದಾರೆಂದು ನಾನು ಹೆದರಿದೆ. ಅವರು ಚಪ್ಪಲಿ ಕಳಚಿ ಅವಳೆದುರು ಕುಳಿತರು. “ನನ್ನ ಕೇಳ್ರಿ” ಎಂದರು.

ಜನ ಕೇಳಿದರು ನೋಡಿ! ಮೋಡ ಎಷ್ಟು ಎತ್ತರ, ಫ್ಯಾನು ಎಷ್ಟು ಎತ್ತರ, ಗರಗರ ಸಪ್ಪಳಕ್ಕೆ ಎಮ್ಮಿ ಹಾಲು ಕಡಿಮೆ ಮಾಡುತ್ತದೆಯೇ, ಕರೆಂಟು ಇಲ್ಲಿ ಹುಟ್ಟಿ ನಮ್ಮ ಮನಿಗೆ ಯಾಕ ಇಲ್ಲ. ಗೊತ್ತಿದ್ದಕ್ಕೆ ಸಾಹೇಬರು ಉತ್ತರ ಹೇಳಿದರು, ಗೊತ್ತಿಲ್ಲದ್ದಕ್ಕೆ ಅಲ್ಲಿಂದಲೇ ಎಂಜಿನಿಯರಿಗೆ ಫೋನು ಹಚ್ಚಿದರು. ಎಮ್ಮೆಯ ಪ್ರಶ್ನೆಗೆ ಎಂಜಿನಿಯರ್ ಫೋನನ್ನೇ ಇಟ್ಟ. ಸಂಜೆಗೆ ಸಾಹೇಬರ ದನಿ ಬಿದ್ದು ಹೋಗಿತ್ತು.

“ಈಗರ ನಂಬಿದ್ರೇನು?” ಪಿಸುಗುಟ್ಟಿದರು.

“ಇಲ್ಲ ಬಿಡ್ರಿ” ಎಂದಳು ನಿಂಗವ್ವ. “ಆದ್ರ ನೀವು ಸಂತಿ ದಿನಕ್ಕೊಮ್ಮೆ ಬಂದು ಹಿಂಗ ಕುಂಡ್ರತೀನಿ ಅಂದ್ರ, ಲಾರಿ ಹೋಗ್ಲಿ.”

ಸಾಹೇಬರು ಒಪ್ಪಿದರು, ಲಾರಿಗಳು ಹೊರಟವು. ಪುಣೆಗೆ ಕಳಿಸಿದ ವರದಿ ಸಾಹೇಬರ ಬಾಳಿನಲ್ಲೇ ಅತಿ ಗಿಡ್ಡದ್ದು: ‘ಯಾರೂ ನಂಬಿಲ್ಲ. ಮತ್ತೆ ಬರ್ರಿ ಎಂದಿದ್ದಾರೆ.’ ಹೆಡ್ ಆಫೀಸಿನವರಿಗೆ ಏನು ತಿಳಿಯಿತೋ, ಆಫೀಸು ಮುಚ್ಚಲಿಲ್ಲ. ಸಾಹೇಬರು ನಿವೃತ್ತರಾಗುವವರೆಗೂ ಒಂದು ಸಂತೆ ತಪ್ಪಿಸಲಿಲ್ಲ. ಮಳೆ ಬಂದಾಗ ಅವರಿಗೆ ಯಾರೂ ಶಾಭಾಸ್ ಎನ್ನಲಿಲ್ಲ. ಬರದಿದ್ದಾಗ ಬೈಸಿಕೊಂಡದ್ದು ಮಾತ್ರ ಬೇಕಾದಷ್ಟು.

ಈಗ ಆ ಕುರ್ಚಿ ನನ್ನದು. ಎಷ್ಟು ಲೈಕು, ಎಷ್ಟು ವ್ಯೂ ಎಂದು ಮೇಲಿನವರು ಕೇಳುತ್ತಾರೆ, ನಾನೂ ಹೆಮ್ಮೆಯಿಂದ ಒಪ್ಪಿಸುತ್ತೇನೆ. ಸಂತೆಗೆ ಹೋಗುವುದು ಇತ್ತೀಚೆಗೆ ತಪ್ಪುತ್ತ ಬಂದಿತ್ತು. ನಿನ್ನೆ ಗೋಂದಿನ ಕೈ ಒರೆಸಿಕೊಂಡು, ಬಹಳ ದಿನದ ಮೇಲೆ ನಿಂಗವ್ವಗೆ ಫೋನು ಮಾಡಿದೆ.

“ಎಲ್ಲಿ ಸತ್ತಿದ್ದಿ?” ಎಂದಳು. “ಊರಿನ್ಯಾಗ ಹೊಸಾದೊಂದು ಸುದ್ದಿ ಎದ್ದೈತಿ. ನಿನ್ನ ಕೇಳಿ ಆಮ್ಯಾಲೆ ನಂಬೂದೋ ಬಿಡೂದೋ ನೋಡೂಣು ಅಂತ ಎಲ್ಲಾರೂ ಕುಂತಾರ. ಜಲ್ದಿ ಬಾ.”

ಮುಂಡರಗಿ ಬಸ್ಸು ಹತ್ತಿದ್ದೇನೆ. ಕಿಟಕಿಯ ಪಕ್ಕದ ಸೀಟೇ ಸಿಕ್ಕಿದೆ.