ಒತ್ತಿ ಹಿಡಿದ ಹೆಬ್ಬೆಟ್ಟು

ಎಚ್.ಡಿ. ಕೋಟೆಯ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿ. ಹಳೇ ಕಂಪ್ಯೂಟರ್ ತೆಗೆದು ಟಚ್‌ಸ್ಕ್ರೀನ್ ಲ್ಯಾಪ್‌ಟಾಪ್ ತಂದ ಹೊಸದರಲ್ಲಿ ನನ್ನ ಧಿಮಾಕು ಹೇಳತೀರದು. ಕೀಬೋರ್ಡನ್ನು ಹಿಂದಕ್ಕೆ ಮಡಚಿ ಪರದೆಯನ್ನಷ್ಟೇ ಮೇಜಿನ ಮೇಲಿಟ್ಟೆ. ಮೌಸ್ ಡ್ರಾಯರ್ ಸೇರಿತು. ಅರ್ಜಿಯ ಕೊನೆಗೆ ಬರುವ ‘ಒಪ್ಪಿಗೆ ಇದೆ’ ಎಂಬ ಚೌಕವನ್ನು ಬಂದವರ ಬೆರಳಿಂದಲೇ ಮುಟ್ಟಿಸುವುದು ನಾನೇ ಹುಟ್ಟುಹಾಕಿದ ಪದ್ಧತಿ. ಜನಕ್ಕೂ ಖುಷಿಯಾಗುತ್ತಿತ್ತು.

ನಿಜ ಹೇಳಬೇಕೆಂದರೆ ಅದರಲ್ಲಿ ಕೆಲಸ ಮಾಡುವುದು ರೇಜಿಗೆ. ಪರದೆಯೇನೋ ಬೆರಳಿಗೆ ಮಾಡಿದ್ದು, ಒಳಗಿನ ವ್ಯವಸ್ಥೆ ಮಾತ್ರ ಮೌಸಿಗೆಂದೇ ಮಾಡಿದ್ದು. ಸಾಸಿವೆಯಷ್ಟು ಗುರುತುಗಳು, ಒಂದನ್ನು ಮುಟ್ಟಿದರೆ ಪಕ್ಕದ್ದು ತೆರೆಯುತ್ತದೆ. ಇದನ್ನು ಒಪ್ಪಿಕೊಳ್ಳುವ ಬುದ್ಧಿ ನನಗಿರಲಿಲ್ಲ.

ಒಂದು ಮಧ್ಯಾಹ್ನ ಹೊಗೆಸೊಪ್ಪು ಮುರಿಯುವ ಕೂಲಿಯ ಹೆಂಗಸೊಬ್ಬರು ಬಂದರು. ಮಗಳಿಗೆ ಹುಣಸೂರಿನ ಹಾಸ್ಟೆಲ್ ಸೀಟಿಗೆ ಅರ್ಜಿ ಹಾಕಬೇಕಿತ್ತು, ಅಂದೇ ಕೊನೆಯ ದಿನ. ಅವರ ಊರಿಗೆ ಬೆಳಗಿನ ಬಸ್ಸಿಲ್ಲ. ಸೀಟು ಸಿಗದಿದ್ದರೆ ಹುಡುಗಿಯ ಕಾಲೇಜು ಅಲ್ಲಿಗೆ ನಿಂತಂತೆ.

ಒಂದು ಗಂಟೆ ಕೂತು ಎಲ್ಲ ತುಂಬಿಸಿ, “ಇಲ್ಲಿ ಮುಟ್ಟಿ ಅಕ್ಕ” ಎಂದೆ. ಅವರು ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿ ಚೌಕದ ಮೇಲಿಟ್ಟರು. ಪತ್ರಕ್ಕೆ ಗುರುತು ಹಾಕುವ ಹಾಗೆ ಎಡದಿಂದ ಬಲಕ್ಕೆ ಹೊರಳಿಸಿ, ಒತ್ತಿ ಹಿಡಿದರು. ಬೆರಳು ತೆಗೆದ ಮೇಲೆ, ಅದಕ್ಕೆ ಹತ್ತಿರದೇ ಇದ್ದ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡರು. ಒತ್ತಿ ಹಿಡಿದರೆ ಆ ಯಂತ್ರದ ಲೆಕ್ಕದಲ್ಲಿ ಮೌಸಿನ ಬಲಗುಂಡಿ ಒತ್ತಿದಂತೆ. ಚೌಕದ ಪಕ್ಕ ಪುಟ್ಟ ಪಟ್ಟಿಯೊಂದು ತೆರೆದುಕೊಂಡಿತು.

“ಅಯ್ಯೋ, ಏನ್ ಮಾಡ್ಬುಟ್ರಿ!” ಎಂದು ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ರೇಗಿದೆ. ಪಟ್ಟಿಯನ್ನು ಮುಚ್ಚಲು ಹೋದ ನನ್ನ ಬೆರಳು ಅದರೊಳಗಿನ ‘ಪುಟ ಮತ್ತೆ ತೆರೆ’ ಎಂಬುದರ ಮೇಲೆ ಬಿತ್ತು. ತುಂಬಿಸಿದ್ದ ಅರ್ಜಿ ಪೂರ್ತಿ ಖಾಲಿಯಾಯಿತು.

“ನನ್ ಬೆಟ್ಟಿಂದ ಅಳ್ಸೋಯ್ತಾ ಅಣ್ಣ?” ಎಂದರು.

ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಡ್ರಾಯರಿಂದ ಮೌಸ್ ತೆಗೆದು ಸಿಕ್ಕಿಸಿ, ಮೊದಲಿಂದ ತುಂಬಿಸಿ ಸಂಜೆಯೊಳಗೆ ಅರ್ಜಿ ಕಳಿಸಿದೆ. ಅಷ್ಟು ಹೊತ್ತೂ ಅವರು ಎರಡು ಕೈಯನ್ನೂ ಸೆರಗಿನೊಳಗೆ ಸುತ್ತಿಕೊಂಡು ಕೂತಿದ್ದರು.

ಮಗಳಿಗೆ ಸೀಟು ಸಿಕ್ಕಿತು. ಅವರು ಒಂದು ಕಟ್ಟು ಅಣ್ಣೆಸೊಪ್ಪು ಹಿಡಿದುಕೊಂಡು, “ಅವತ್ತು ನನ್ನಿಂದ ನಿಮ್ಗೆ ಎಲ್ಡು ಕೆಲ್ಸ ಆಯ್ತು” ಎನ್ನುತ್ತ ಬಂದಾಗ ನನಗೆ ನಾಚಿಕೆ ತಡೆಯಲಾಗಲಿಲ್ಲ.

“ಅಳಿಸಿದ್ದು ನಾನು ಕಣಕ್ಕ. ನಿಮ್ದೇನೂ ತಪ್ಪಿಲ್ಲ” ಎಂದೆ.

“ಬುಡಿ ಅಣ್ಣ, ನನ್ ಸಮಾಧಾನಕ್ಕೆ ಅಂಗಂತೀರಿ” ಎಂದು ನಕ್ಕರು.

ಈಗ ಮೌಸ್ ಮೇಜಿನ ಮೇಲೇ ಇರುತ್ತದೆ. ವರ್ಷಕ್ಕೊಮ್ಮೆ ಸೀಟು ಮುಂದುವರಿಸುವ ಅರ್ಜಿಗೆ ಅವರು ಬರುತ್ತಾರೆ. ಬಂದವರು ಕುರ್ಚಿಯನ್ನು ಪರದೆಯಿಂದ ಒಂದು ಮಾರು ಹಿಂದಕ್ಕೆ ಎಳೆದುಕೊಂಡು, ಕೈಗಳನ್ನು ಸೆರಗಿನೊಳಗಿಟ್ಟುಕೊಂಡೇ ಕೂರುತ್ತಾರೆ.