ನೀಲಿ ಟಿಕ್ಕಿನ ವಾದ

ಹೈದರಾಬಾದಿನ ಸಿವಿಲ್ ಕೋರ್ಟಿನಲ್ಲಿ ನಾನು ಗೆದ್ದ ವಾದಗಳಲ್ಲಿ ಒಂದನ್ನು ಸೋತಿದ್ದರೆ ಚೆನ್ನಾಗಿತ್ತು. ಮೊಬೈಲಿನಲ್ಲಿ ಕಳಿಸಿದ್ದ ನೋಟಿಸು ಮುಟ್ಟಿಲ್ಲವೆಂದು ಎದುರು ಪಕ್ಷದವನು ಪ್ರಮಾಣ ಮಾಡಿದಾಗ ನಾನು ಗಂಟಲು ಸರಿಮಾಡಿಕೊಂಡು, ಪೂರ್ಣಕುಂಭ ಹೊತ್ತವನ ಗಾಂಭೀರ್ಯದಿಂದ, ಮೊಬೈಲಿನ ಎರಡು ನೀಲಿ ಟಿಕ್ಕುಗಳನ್ನು ನ್ಯಾಯಾಧೀಶರ ಮುಂದಿಟ್ಟೆ. ಟಿಕ್ಕು ನೀಲಿಯಾಗಿದೆ, ಅಂದರೆ ನೋಡಿದ್ದಾನೆ; ನೋಡಿಯೂ ಉತ್ತರಿಸದವನು ಬೇಕೆಂದೇ ಸುಮ್ಮನಿದ್ದಾನೆ. ನ್ಯಾಯಾಲಯ ಒಪ್ಪಿ, ನಾವು ಬೇಡಿದ್ದ ತಡೆಯಾಜ್ಞೆಯನ್ನು, ಅಂದರೆ ಸ್ಟೇಯನ್ನು, ಕೊಟ್ಟಿತು. ನಾಚಾರಂನಲ್ಲಿ ಪ್ಲಾಸ್ಟಿಕ್ ಬಕೆಟ್ ತಯಾರಿಸುವ, ಬೀದರ್ ಕಡೆಯ ನನ್ನ ಕಕ್ಷಿದಾರ ವರಾಂಡದಲ್ಲೇ ಪೇಡೆ ಹಂಚಿದ. ಅಂದೇ ಮೊಬೈಲಿನಲ್ಲಿ ಒಂದು ಗ್ರೂಪನ್ನೂ ಕಟ್ಟಿದ.

ಗ್ರೂಪಿನಲ್ಲಿ ಅವನು, ಅವನ ಇಬ್ಬರು ಭಾವಂದಿರು, ಮತ್ತು ನಮ್ಮ ಆಫೀಸು. ಆಫೀಸೆಂದರೆ ನಾನಲ್ಲ. ಮೊಬೈಲು ನನಗೆ ಆಗಿಬರುವುದಿಲ್ಲವೆಂದು ಹೆಮ್ಮೆಯಿಂದ ಹೇಳಿಕೊಂಡು ತಿರುಗುವವನು ನಾನು. ಆಫೀಸಿನ ಫೋನು ಐದು ವರ್ಷದಿಂದ ನನ್ನ ಜೂನಿಯರ್ ಬಳಿ ಇತ್ತು. ಸೇಡಂ ಕಡೆಯ ಹೆಣ್ಣುಮಗಳು, ನನಗಿಂತ ಚೆನ್ನಾಗಿ ಕೇಸಿನ ಕಾಗದಪತ್ರ ಓದುವವಳು. ಸಂಜೆ ಆರಕ್ಕೆ ನಾನು ಅಬಿಡ್ಸಿನ ಆಫೀಸಿಗೆ ಬೀಗ ಹಾಕಿ ಮನೆಗೆ ಹೋಗುತ್ತಿದ್ದೆ. ಆಫೀಸು ಅವಳ ಚೀಲದಲ್ಲಿ ಕುಳಿತು ಕೂಕಟ್‌ಪಲ್ಲಿಯ ಹಾಸ್ಟೆಲಿಗೆ ಹೋಗುತ್ತಿತ್ತು.

ಬಕೆಟ್ಟಿನವನು ಬೆಳಗ್ಗೆ ಗುಲಾಬಿ ಹೂವಿನ ಚಿತ್ರ ಕಳಿಸುತ್ತಿದ್ದ. ಆಮೇಲೆ, ತಿಂಡಿ ಅಗಿಯುತ್ತಲೇ ಮಾಡಿದ ಧ್ವನಿಸಂದೇಶ: ‘ಸ್ಟೇ ಉಳಿತೈತಿ ಹೌದಲ್ಲೊ?’ ದಿನವೂ ಅದೇ ಪ್ರಶ್ನೆ. ಉತ್ತರ ತಡವಾದರೆ ಒಂದು ಪ್ರಶ್ನಾರ್ಥಕ ಚಿಹ್ನೆ, ಆಮೇಲೆ ಮೂರು, ಆಮೇಲೆ ಭಾವಂದಿರಿಂದ ಮುಗಿದ ಕೈಗಳು.

“ಸರ್, ಐತವಾರ ಒಂದಿನ ಈ ಫೋನ್ ನೀವು ಇಟ್ಕೋರಿ,” ಎಂದು ಅವಳು ಒಮ್ಮೆ ಕೇಳಿದ್ದಳು.

“ನನಗ ಅದನ್ನ ಚಾಲೂ ಮಾಡಾಕೂ ಬರಂಗಿಲ್ಲವಾ,” ಎಂದು ನಾನು ನಕ್ಕಿದ್ದೆ.

ವಾದಕ್ಕೆ ನಿಲ್ಲುವವರು ಫೋನನ್ನು ಇನ್ನೊಬ್ಬರ ಕೈಗೆ ಕೊಡಬೇಕೆಂಬುದು ನಮ್ಮ ಆಫೀಸಿನ ನಿಯಮ. ಕಳೆದ ತಿಂಗಳು ಬಕೆಟ್ಟಿನ ಕೇಸಿಗೆ ಅವಳು ಎದ್ದುನಿಂತಳು. ನ್ಯಾಯಾಧೀಶರು ಪುಟ ಸಂಖ್ಯೆ ಕೇಳಿದರು. ಅವಳು ಗೌನಿನಡಿಯ ಕೋಟಿನ ಜೇಬಿನ ಮೇಲೆ ಕೈ ಒತ್ತಿಕೊಂಡು ನಿಂತುಬಿಟ್ಟಳು. ಯಾವ ಕೇಸೆಂಬುದೇ ಅವಳಿಗೆ ಮರೆತಿತ್ತು. ನಾನು ಎದ್ದು ಮುಂದಿನ ತಾರೀಕು ಬೇಡಿದೆ.

ಹೊರಗೆ ವರಾಂಡದ ಬೆಂಚಿನ ಮೇಲೆ ಕೇಳಿದೆ: “ಏನಾತವಾ?”

“ಫೋನ್ ನಡಗಿದಂಗಾತ್ರಿ ಸರ್.”

“ಫೋನ್ ನನ್ನ ಬ್ಯಾಗಿನ್ಯಾಗ ಐತೆಲ್ಲ!”

“ಗೊತ್ತೈತ್ರಿ. ಅದಕ್ಕ ಅಂಜಿಕಿ ಬರಾಕತ್ತೈತಿ.”

ಅಷ್ಟರಲ್ಲಿ ಬಕೆಟ್ಟಿನವನು ಬಂದ. “ವಕೀಲ್‌ಸಾಬ್, ನಿನ್ನೆ ಐದು ಮೆಸೇಜ್ ಹಾಕೀನಿ. ಮೇಡಂ ನೋಡ್ಯಾರ, ಜವಾಬಿಲ್ಲ.”

“ಆಕಿಗೆ ಆರಾಮಿಲ್ಲ.”

“ಆರಾಮಿಲ್ದಿದ್ರೂ ನೋಡ್ಯಾರಲ್ರೀ. ನೋಡಿ ಸುಮ್ಮ ಕುಂತವ್ರು ಬೇಕಂತ ಕುಂತಾರಂತ ಜಡ್ಜ್ ಸಾಹೇಬ್ರ ಮುಂದ ನೀವ ಹೇಳಿದ್ರಿ.”

ಅವನ ಬಕೆಟ್ಟೊಂದನ್ನು ಅವನ ತಲೆಗೇ ಬೋರಲು ಹಾಕಬೇಕೆನ್ನಿಸಿತು. ಅವನು ಹೇಳಿದ್ದು ನನ್ನದೇ ಮಾತು ಎಂಬುದು ಸಿಟ್ಟನ್ನು ಇನ್ನೂ ಕೆರಳಿಸಿತು. ಬೇರೆ ವಕೀಲರನ್ನು ಇಟ್ಟುಕೊಳ್ಳಲು ನನ್ನ ಆಕ್ಷೇಪಣೆ ಇಲ್ಲವೆಂದು ಅಲ್ಲೇ ಬರೆದು, ಸಹಿ ಹಾಕಿ, ಕೊಟ್ಟೆ.

“ಇದನ್ನ ಗ್ರೂಪಿನ್ಯಾಗ ಹಾಕಲೇನ್ರಿ?” ಎಂದ ಆ ಪುಣ್ಯಾತ್ಮ.

“ಹಾಕಪಾ. ನಿಮ್ಮ ಭಾವಂದಿರೂ ಕಣ್ತುಂಬ ನೋಡ್ಲಿ.”

ನನ್ನ ಶೌರ್ಯ ಅಷ್ಟಕ್ಕೆ ಮುಗಿಯಿತು. ಡಾಕ್ಟರು ಅವಳಿಗೆ ವಿಶ್ರಾಂತಿ ಹೇಳಿದರು. ಊರಿಗೆ, ಅಕ್ಕನ ಮನೆಗೆ, ಹೊರಡುವ ದಿನ ಫೋನನ್ನು ನನ್ನ ಮೇಜಿನ ಮೇಲಿಟ್ಟು ಹೇಳಿದಳು: “ಮತ್ತ ಬರ್ತೀನೋ ಇಲ್ಲೋ ಗೊತ್ತಿಲ್ರಿ ಸರ್. ಕೋರ್ಟಂದ್ರ ಎದಿ ಬಡ್ಕೋತೈತಿ.”

ಈಗ ಫೋನು ನನ್ನ ಬಳಿ ಇದೆ. ಬಕೆಟ್ಟಿನವನೊಬ್ಬ ಹೋದರೇನು, ಅಂಥವರ ಹದಿನಾಲ್ಕು ಗ್ರೂಪುಗಳಿವೆ. ನಾಲ್ಕನೆಯ ದಿನ ಬಚ್ಚಲಿನಿಂದ ಸೋಪಿನ ಕೈಯಲ್ಲೇ ಓಡಿಬಂದೆ. ಫೋನು ಸದ್ದೇ ಮಾಡಿರಲಿಲ್ಲ. ಐದು ವರ್ಷ ನಾನು ನೆಮ್ಮದಿಯಿಂದ ಉಂಡ ಊಟಗಳೆಲ್ಲ ಯಾರ ತಟ್ಟೆಯಿಂದ ಬಂದವೆಂದು ಆಗ ತಿಳಿಯಿತು. ಇಷ್ಟು ತಡವಾಗಿ ತಿಳಿಯುವುದಕ್ಕೆ ಸೀನಿಯರ್ ಎಂಬ ಬಿರುದು ಬೇರೆ.

ಅವಳನ್ನು ಕರೆಯಬೇಕು. ಹೇಗೆ? ಸಂದೇಶ ಕಳಿಸಿದರೆ ನಾನೂ ಬಕೆಟ್ಟಿನವನ ಭಾವನೇ. ಅಂಚೆ ಕಚೇರಿಗೆ ಹೋಗಿ ಇನ್‌ಲ್ಯಾಂಡ್ ಪತ್ರಗಳನ್ನು ತಂದೆ. ತಪ್ಪು ನನ್ನದು, ಫೋನು ಇನ್ನು ನಿನ್ನ ಕೈಗೆ ಬರುವುದಿಲ್ಲ, ಇದಕ್ಕೆ ಉತ್ತರ ಬರೆಯಬೇಕಾಗಿಲ್ಲ ಎಂದು ಬರೆದು ಪೆಟ್ಟಿಗೆಗೆ ಹಾಕಿದೆ. ಇಷ್ಟು ಬರೆಯುವುದರೊಳಗೆ ಮೂರು ಪತ್ರ ಹರಿದೆ. ಮೂರರ ಕೊನೆಯಲ್ಲೂ ಯಾವಾಗ ಬರುತ್ತೀ ಎಂದು ಕೇಳಿಬಿಟ್ಟಿದ್ದೆ.