ಆ ಬೆಂಚಿನಲ್ಲಿ ಮೊದಲು ಕೂತವಳು ನಾನು

ಇದು ಹೋದ ವರ್ಷ ಅವರೆಕಾಯಿ ಕಾಲದಲ್ಲಿ ನೆಲಮಂಗಲದಲ್ಲಿ ನಡೆದದ್ದು. ಸೋಂಪುರದ ಫ್ಯಾಕ್ಟರಿಗೆ ಹೋಗುತ್ತಿದ್ದ ಪಕ್ಕದ ಮನೆಯ ಮಂಜುಳಾ ಇದ್ದಕ್ಕಿದ್ದಂತೆ ಕೆಲಸ ಬಿಟ್ಟಳು. ಊಟ, ನಿದ್ದೆ, ಮಾತು ಎಲ್ಲ ಕಡಿಮೆಯಾದವು. ಸರ್ಕಾರಿ ಆಸ್ಪತ್ರೆಯಲ್ಲಿ ಮಾನಸಿಕ ರೋಗದ ಡಾಕ್ಟರನ್ನು ಕಾಣಲು ಮುಂದಿನ ತಿಂಗಳು ಬರಹೇಳಿದ್ದರು. ಅಲ್ಲಿಯವರೆಗೆ ಹಗಲು ಹೊತ್ತು ಜೊತೆಗಿರಿ ಎಂದು ಅವಳ ಗಂಡ ನನ್ನನ್ನು ಕೇಳಿಕೊಂಡ.

ನಾನು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವಳು. ವಾಕಿಂಗ್, ಸ್ನಾನ, ತಿಂಡಿ ಎಂದು ಅವಳಿಗೂ ಟೈಂಟೇಬಲ್ ಹಾಕಿದೆ. ಎರಡನೆಯ ದಿನವೇ ಅವಳು ಬಾಗಿಲು ತೆಗೆಯಲಿಲ್ಲ. ಮರುದಿನ ನೆನೆಸಿದ ಅವರೆಕಾಳಿನ ಬೇಸಿನ್ ತಂದು, ಅವರ ಜಗಲಿಯ ಮೇಲೆ ಸುಮ್ಮನೆ ಹಿತುಕುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಅವಳೂ ಬಂದು ಕೈಹಾಕಿದಳು. ಅದೇ ರೂಢಿಯಾಯಿತು.

ಒಂದು ದಿನ ಕಾಳು ಹಿತುಕುತ್ತಲೇ ಕೇಳಿದಳು: “ವಾರ್ಡನ್ನಮ್ಮ, ಆಸ್ಪತ್ರೆಗೆ ಹೋದ್ರೆ ನನ್ನ ಅಲ್ಲೇ ಇಟ್ಕೊಂಡ್ಬಿಡ್ತಾರಾ? ಹಂಗಾದ್ರೆ ನಾನ್ ಬರಲ್ಲ.”

ಇಲ್ಲ ಎನ್ನುವ ಮಾತು ಬಾಯಿಗೆ ಬಂದಿತ್ತು. ಆದರೆ ನನಗೇನು ಗೊತ್ತು? ಹಾಸ್ಟೆಲಿನ ಮಕ್ಕಳನ್ನು ಪ್ರವಾಸ ಕರೆದೊಯ್ಯುವ ಮೊದಲು ನಾನೊಬ್ಬಳೇ ಹೋಗಿ ಜಾಗ ನೋಡಿಬರುತ್ತಿದ್ದೆ. “ನೋಡ್ಕೊಂಡ್ ಬಂದು ಹೇಳ್ತೀನಿ” ಎಂದೆ.

ಅವಳ ಸರದಿಗೆ ಮೊದಲೇ, ಡಾಕ್ಟರ್ ಬರುವ ಒಂದು ದಿನ ನಾನೊಬ್ಬಳೇ ಹೋಗಿ ಅವರ ಕೋಣೆಯ ಮುಂದಿನ ಬೆಂಚಿನಲ್ಲಿ ಕೂತು, ಒಳಗೆ ಹೋದವರು ಹೊರಗೆ ಬರುತ್ತಾರೋ ಇಲ್ಲವೋ ಎಂದು ಗಮನಿಸತೊಡಗಿದೆ. ಪಕ್ಕದಲ್ಲಿದ್ದ ರೈತನೊಬ್ಬ ಸರಿದು ಜಾಗ ಮಾಡಿಕೊಟ್ಟ.

“ಮೊದಲ್ನೇ ಸಲಾನಾ ಅಜ್ಜಿ?”

“ಹೂಂ” ಎಂದೆ. ಸುಳ್ಳಲ್ಲವಲ್ಲ.

“ಹೆದರ್ಕೋಬೇಡಿ. ನಿದ್ದೆ ಬರುತ್ತಾ, ಊಟ ಸೇರುತ್ತಾ ಅಂತ ಕೇಳ್ತಾರೆ. ಮಾತ್ರೆ ಬರ್ಕೊಡ್ತಾರೆ. ನಾನು ಪ್ರತಿ ಸಲ ಇಲ್ಲಿಂದ ಸೀದಾ ಹೋಗಿ ಹಾಲು ಕರೀತೀನಿ.” ಆಮೇಲೆ ನನ್ನ ಆಚೀಚೆ ನೋಡಿದ. “ಒಬ್ರೇ ಬಂದಿದ್ದೀರಲ್ಲ. ಮುಂದಿನ ಸಲ ಯಾರನ್ನಾದ್ರೂ ಕರ್ಕೊಂಡ್ ಬನ್ನಿ. ಕಾಯೋದೇ ಕಷ್ಟ.”

ಅವನು ಒಳಗೆ ಹೋಗಿ ಹೊರಗೆ ಬಂದದ್ದನ್ನು ನೋಡಿಕೊಂಡೇ ಎದ್ದೆ. ಬಾಗಿಲು ಎಲ್ಲಿದೆ, ನಲ್ಲಿ ಎಲ್ಲಿದೆ ಎಂಬುದರಿಂದ ಹಿಡಿದು, ಎಲ್ಲರೂ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದರು ಎನ್ನುವವರೆಗೆ ಮಂಜುಳಾಗೆ ವರದಿ ಒಪ್ಪಿಸಿದೆ.

“ಆ ಹಾಲು ಕರೆಯೋ ಅಣ್ಣಾನೂ ಹೋದ್ರಾ?” ಎಂದಳು.

“ಕಣ್ಣಾರೆ ನೋಡಿದೀನಿ.”

ಅವಳ ದಿನ ಬಂತು, ಅವಳೂ ಬಂದಳು. ಬೆಂಚಿನಲ್ಲಿ ಅದೇ ರೈತ. ನನ್ನನ್ನು ಗುರುತು ಹಿಡಿದು ಅವಳಿಗೆ ಹೇಳಿದ: “ಅಜ್ಜೀನ ಕರ್ಕೊಂಡ್ ಬಂದ್ಯಾ? ಒಳ್ಳೇ ಕೆಲ್ಸ ಮಾಡ್ದೆ ಕಣವ್ವ.”

ಮಂಜುಳಾ ನನ್ನ ಮುಖ ನೋಡಿದಳು. ಎಷ್ಟೋ ದಿನಗಳ ಮೇಲೆ ಅವಳ ತುಟಿಯಂಚು ಅಲುಗಿತು. “ಹೂಂ ಅಣ್ಣ. ಪಾಪ, ಒಬ್ರೇ ಇದ್ರೆ ಹೆದರ್ಕೋತಾರೆ” ಎಂದು ನನ್ನ ಕೈ ಹಿಡಿದುಕೊಂಡಳು.

ಅವಳ ಚಿಕಿತ್ಸೆ ಇನ್ನೂ ನಡೆಯುತ್ತಿದೆ, ಊಟ ನಿದ್ದೆ ಸುಧಾರಿಸಿವೆ. ಆದರೆ ಅವತ್ತು ಅವಳು ಒಳಗೆ ಹೋಗಿ ಬಾಗಿಲು ಮುಚ್ಚಿದಾಗ ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಆ ರೈತ ಅದನ್ನು ಮೊದಲ ದಿನವೇ ನನ್ನ ಮುಖದಲ್ಲಿ ಹೇಗೆ ಕಂಡನೋ ಎಂದು ಈಗಲೂ ಯೋಚಿಸುತ್ತೇನೆ.